ಮೊದಲು ಕೇಳಿಸಿಕೊಳ್ಳಿ: ಎರಡು ಭಾಷೆಯ ಮಕ್ಕಳಿಗೆ ಗಣಿತ ಹೇಳಿಕೊಡುವ ಬಗೆ

ನಾನು ಬೆಳಗಾವಿಯ ವಡಗಾವಿಯವಳು. ಪಿಯುಸಿಯಲ್ಲಿ ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ತೆಗೆದುಕೊಂಡಿದ್ದೆ. ಈಗ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ಗೆ ಓದುತ್ತಿದ್ದೇನೆ. ಸಂಜೆ ನಮ್ಮ ಓಣಿಯ ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಮನೆಯಲ್ಲೇ ಗಣಿತದ ಟ್ಯೂಶನ್ ತೆಗೆದುಕೊಳ್ಳುತ್ತೇನೆ. ಕೆಲವರು ಕನ್ನಡ ಮಾಧ್ಯಮದವರು, ಕೆಲವರು ಮರಾಠಿ ಮಾಧ್ಯಮದವರು. ನನ್ನನ್ನು ಒಬ್ಬರು ಅಕ್ಕಾ ಅಂತಾರೆ, ಇನ್ನೊಬ್ಬರು ತಾಈ ಅಂತಾರೆ, ಮರಾಠಿಯಲ್ಲಿ ಅದೂ ಅಕ್ಕಾ ಅಂತಲೇ. ನಮ್ಮ ಮನೆಯಲ್ಲೂ ಅಪ್ಪನ ಕಡೆ ಕನ್ನಡ, ಅಮ್ಮನ ಕಡೆ ಮರಾಠಿ. ಹಾಗಾಗಿ ಎರಡರಲ್ಲೂ ಲೆಕ್ಕ ಮಾಡಿಯೇ ಬೆಳೆದವಳು.

ಡಾಕ್ಟರ್ ಆಗೋಕೆ ಓದೋಳು ಗಣಿತಕ್ಕೆ ಯಾಕೆ ಹೊತ್ತು ಕೊಡ್ತೀಯಾ ಅಂತ ಕೇಳುವವರಿದ್ದಾರೆ. ನೀಟ್‌ನಲ್ಲಿ ಗಣಿತದ ವಿಭಾಗ ಇಲ್ಲ, ನಿಜ. ಆದರೆ 180 ಪ್ರಶ್ನೆಗಳಲ್ಲಿ 45 ಭೌತಶಾಸ್ತ್ರದವು. ಕ್ಯಾಲ್ಕುಲೇಟರ್ ಒಳಗೆ ಬಿಡುವುದಿಲ್ಲ. 180 ನಿಮಿಷ ಅಷ್ಟೇ. ಭಿನ್ನರಾಶಿ, ದಶಮಾಂಶ, ವರ್ಗಮೂಲ ಕೈಯಲ್ಲಿ ಆಡುತ್ತಿರಬೇಕು. ಮಕ್ಕಳಿಗೆ ದಿನಾ ಹೇಳಿಕೊಟ್ಟರೆ ಅದು ತಾನಾಗಿಯೇ ಆಡುತ್ತಿರುತ್ತದೆ. ನಿಮ್ಮಲ್ಲಿ ಯಾರಾದರೂ ಹೀಗೇ ಓದುತ್ತಾ ಟ್ಯೂಶನ್ ಶುರು ಮಾಡಬೇಕು ಅಂತಿದ್ದರೆ, ನಾನು ಹೇಗೆ ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ದಿನ ಏನೂ ಕಲಿಸಬೇಡಿ

ಹೊಸ ಹುಡುಗ ಬಂದ ದಿನ ನಾನು ಪಠ್ಯಪುಸ್ತಕ ತೆಗೆಸುವುದಿಲ್ಲ. ಶಾಲೆಯಲ್ಲಿ ಯಾವ ಪಾಠ ನಡೆದಿದೆ ಅಂತಲೂ ಕೇಳುವುದಿಲ್ಲ. ಒಂದು ಹಾಳೆಯ ಮೇಲೆ ಈ ಐದು ಲೆಕ್ಕ ಬರೆದುಕೊಡುತ್ತೇನೆ:

3/4 + 1/6
−7 − 3
0.4 × 0.2
2ಎಕ್ಸ್ + 5 = 17
640ರ ಶೇಕಡಾ 15

ಪೆನ್ನಿನಲ್ಲೇ ಬರೆಯಬೇಕು, ರಬ್ಬರ್ ಇಲ್ಲ. ಬರೆಯುತ್ತಾ ಬಾಯಲ್ಲೂ ಹೇಳುತ್ತಿರಬೇಕು. ಕನ್ನಡವೋ ಮರಾಠಿಯೋ, ಎರಡೂ ಕಲಸಿದ್ದೋ, ಯಾವುದಾದರೂ ಸರಿ. ನಾನು ಪಕ್ಕದಲ್ಲಿ ಕೂತು ಕೇಳುತ್ತೇನೆ. ತಪ್ಪಾದಾಗ ತಡೆಯುವುದಿಲ್ಲ, ಮುಖವನ್ನೂ ಬದಲಿಸುವುದಿಲ್ಲ. ಇದು ಮಾತಿನಲ್ಲಿ ಸುಲಭ, ಮಾಡೋಕೆ ಕಷ್ಟ. ಹುಡುಗ 4/10 ಅಂತ ಬರೆಯುವಾಗ ಕೈ ತಾನಾಗಿಯೇ ಅವನ ಹಾಳೆಯ ಕಡೆ ಹೋಗುತ್ತದೆ. ಹಿಡಿದುಕೊಳ್ಳಿ.

ಹೊಟ್ಟೆನೋವು ಅಂತ ಹೋದವರಿಗೆ ಒಳ್ಳೆಯ ಡಾಕ್ಟರು ಬಾಗಿಲಲ್ಲೇ ಗುಳಿಗೆ ಕೊಡುವುದಿಲ್ಲ. ಎಲ್ಲಿ ನೋವು, ಯಾವಾಗಿನಿಂದ, ಏನು ತಿಂದಿದ್ದೆ ಅಂತ ಕೇಳುತ್ತಾರೆ. ಗಣಿತದಲ್ಲೂ ಅಷ್ಟೇ ತಾಳ್ಮೆ ಬೇಕು. ಎಲ್ಲಿ ಮುರಿದಿದೆ ಅಂತ ಗೊತ್ತಾಗದೆ ಕಲಿಸಿದರೆ ನಮ್ಮ ಹೊತ್ತೂ ಹೋಗುತ್ತದೆ, ಮಗುವಿನ ಧೈರ್ಯವೂ ಹೋಗುತ್ತದೆ.

ತಪ್ಪು ಉತ್ತರ ಬಹಳ ಹೇಳುತ್ತದೆ. 4/10 ಬಂದರೆ ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿದ್ದಾನೆ. ಮೂರನೆಯದಕ್ಕೆ 0.8 ಬಂದರೆ ದಶಮಾಂಶದ ಚುಕ್ಕೆ ಅವನಿಗೆ ಸುಮ್ನೆ ಒಂದು ಗುರುತು, ಹತ್ತನೇ ಒಂದು ಪಾಲು ಅನ್ನುವ ಅರ್ಥ ಕೂತಿಲ್ಲ. ಕೊನೆಯದಕ್ಕೆ 640ನ್ನು 15ರಿಂದ ಭಾಗಿಸಿದರೆ ಶೇಕಡಾ ಅಂದರೇನು ಅನ್ನುವಲ್ಲಿಂದಲೇ ಶುರು ಮಾಡಬೇಕು.

ಒಂದು ಕಡೆ ತಪ್ಪು ಕಂಡರೆ ಅಲ್ಲಿಂದ ಒಂದೊಂದೇ ಮೆಟ್ಟಿಲು ಕೆಳಗಿಳಿಯಿರಿ. 3/4 + 1/6 ಬರಲಿಲ್ವಾ? 1/2 + 1/4 ಕೇಳಿ. ಅದೂ ಬರಲಿಲ್ವಾ? ಮೂರನೇ ಒಂದು ದೊಡ್ಡದೋ ನಾಲ್ಕನೇ ಒಂದು ದೊಡ್ಡದೋ ಅಂತ ಕೇಳಿ. 'ನಾಕು ದೊಡ್ಡದಲ್ರಿ, ಹಂಗಾಗಿ ನಾಲ್ಕನೇ ಒಂದು' ಅಂದರೆ ತಳ ಸಿಕ್ಕಿತು. ಹತ್ತನೇ ತರಗತಿಯಲ್ಲೂ ಹೀಗೆ ಹೇಳುವ ಮಕ್ಕಳಿದ್ದಾರೆ. ಅವರು ದಡ್ಡರಲ್ಲ. ಕೆಳಗಿನ ತರಗತಿಯಲ್ಲಿ ಜ್ವರ ಬಂದೋ ಊರಿಗೆ ಹೋಗಿಯೋ ಒಂದು ವಾರ ತಪ್ಪಿರಬಹುದು, ಆಮೇಲೆ ಯಾರೂ ಅದನ್ನು ತುಂಬಿಕೊಟ್ಟಿಲ್ಲ. ಎರಡು ರೊಟ್ಟಿ ತಂದು ಒಂದನ್ನು ಮೂರು, ಇನ್ನೊಂದನ್ನು ನಾಲ್ಕು ಪಾಲು ಮಾಡಿ ತೋರಿಸಿ. ಸಣ್ಣ ಮಕ್ಕಳ ಪಾಠ ಇದು ಅಂತ ಅವಮಾನ ಆಗದಂತೆ, ಉಳಿದವರು ಬರುವ ಮೊದಲೇ ಅವನೊಬ್ಬನಿಗೆ ಮಾಡಿಸಿ.

ಮೈನಸ್ ಮೈನಸ್ ಪ್ಲಸ್

ಐದರಲ್ಲಿ ನನಗೆ ಜಾಸ್ತಿ ಕೆಲಸ ಕೊಡುವುದು ಎರಡನೆಯ ಲೆಕ್ಕ. −7 − 3 ಅಂದ ಕೂಡಲೇ 'ಮೈನಸ್ ಮೈನಸ್ ಪ್ಲಸ್' ಅಂತ ಹಾಡಿದಂತೆ ಹೇಳಿ 10 ಬರೆಯುತ್ತಾರೆ. ಆ ಸಾಲು ಎಷ್ಟು ಬಾಯಿಪಾಠ ಆಗಿರುತ್ತದೆ ಅಂದರೆ, ಎಲ್ಲಿ ಎರಡು ಮೈನಸ್ ಕಂಡರೂ ಅದೇ ಬಾಯಿಗೆ ಬರುತ್ತದೆ. ಗುಣಾಕಾರದ ನಿಯಮ ಕೂಡಿಸುವ ಮನೆಗೆ ಬಂದು ಕೂತಿದೆ ಅಂತ ಅವರಿಗೆ ಗೊತ್ತೇ ಇಲ್ಲ.

ಇಲ್ಲಿ 'ಅದು ಬೇರೆ ನಿಯಮ' ಅಂತ ಹೇಳಿದರೆ ಪ್ರಯೋಜನ ಇಲ್ಲ. ಬಾಯಿಪಾಠದ ಪಟ್ಟಿಗೆ ಇನ್ನೊಂದು ಸೇರುತ್ತದೆ ಅಷ್ಟೇ. ನಾನು ಅಂಗಡಿಯ ಉದ್ರಿಗೆ ಹೋಗುತ್ತೇನೆ. ನಮ್ಮ ಓಣಿಯಲ್ಲಿ ಉದ್ರಿ ಗೊತ್ತಿಲ್ಲದ ಮಗು ಇಲ್ಲ.

'ಅಂಗಡಿ ಕಾಕಾಗ ನೀ ಏಳು ರೂಪಾಯಿ ಉದ್ರಿ ಕೊಡೂದೈತಿ. ಇವತ್ತ ಮತ್ತ ಮೂರು ರೂಪಾಯಿದು ಪೆನ್ನು ಉದ್ರಿ ತಂದಿ. ಈಗ ನಿನ್ನ ಕಿಸೆದಾಗ ಹತ್ತು ರೂಪಾಯಿ ಬಂತೇನು?'

'ಇಲ್ರಿ ಅಕ್ಕಾ, ಹತ್ತು ಕೊಡಬೇಕ್ರಿ.'

'ಹಂಗಾರ ಹತ್ತರ ಮುಂದ ಏನು ಹಾಕ್ತಿ?'

ಮೈನಸ್ ಅವನೇ ಹಾಕುತ್ತಾನೆ. ಆಮೇಲೆ −7 + 3, −3 + 7, 3 − 7 ಮೂರನ್ನೂ ಉದ್ರಿಯ ಕಥೆಯಾಗಿ ಅವನ ಬಾಯಿಂದಲೇ ಹೇಳಿಸಿ. ಮೊದಲು ಕಥೆ, ಆಮೇಲೆ ಉತ್ತರ.

ಹಾಗಾದರೆ ಗುಣಿಸುವಾಗ ಮೈನಸ್ ಮೈನಸ್ ಪ್ಲಸ್ ಯಾಕೆ? ಇದನ್ನು ಕೇಳುವ ಮಗು ಸಿಕ್ಕರೆ ಬಿಡಬೇಡಿ. ಒಂದರ ಕೆಳಗೆ ಒಂದು ಬರೆಸಿ: −2 × 3 = −6, −2 × 2 = −4, −2 × 1 = −2, −2 × 0 = 0. ಪ್ರತಿ ಸಾಲಿಗೂ ಉತ್ತರ ಎಷ್ಟು ಏರಿತು ಅಂತ ಕೇಳಿ. ಎರಡೆರಡು ಏರುತ್ತಿದೆ. ಮುಂದಿನ ಸಾಲು −2 × −1. ಸೊನ್ನೆಯ ಆಚೆ ಎರಡು ಏರಿದರೆ ಎಲ್ಲಿಗೆ ಬರಬೇಕು? ಉತ್ತರವನ್ನು ನೀವು ಹೇಳಬೇಕಾಗಿಲ್ಲ.

ಇನ್ನೊಂದು ಲೆಕ್ಕ ನನ್ನ ಪರೀಕ್ಷೆಯಿಂದಲೇ ಕೊಡುತ್ತೇನೆ. ನೀಟ್‌ನಲ್ಲಿ ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಹತ್ತು ಸರಿ, ಆರು ತಪ್ಪು ಆದರೆ ಎಷ್ಟು? 40 − 6 = 34. ಬರೀ ತಪ್ಪೇ ಆದರೆ? ಸೊನ್ನೆಗಿಂತ ಕೆಳಗೂ ಅಂಕ ಇರುತ್ತದೆ ಅಂತ ಕೇಳಿ ಅವರಿಗೆ ದೊಡ್ಡ ಆಶ್ಚರ್ಯ.

ಯೋಚನೆ ಮನೆಮಾತಿನಲ್ಲಿ, ಬರಹ ಪರೀಕ್ಷೆಯ ಭಾಷೆಯಲ್ಲಿ

ಎರಡು ಭಾಷೆ ಬರುವ ಮಗುವಿಗೆ 'ಕನ್ನಡದಾಗ ಅಷ್ಟ ಮಾತಾಡು' ಅಂತ ಕಟ್ಟು ಹಾಕಬೇಡಿ. ಯೋಚನೆ ಯಾವ ಭಾಷೆಯಲ್ಲಿ ಓಡುತ್ತದೋ ಅದರಲ್ಲೇ ಓಡಲಿ. ಹಾಳೆಯ ಮೇಲೆ ಬರುವಾಗ ಮಾತ್ರ ಅವರ ಪರೀಕ್ಷೆಯ ಭಾಷೆ ಇರಬೇಕು.

ಇದಕ್ಕೆ ನನ್ನ ಮಕ್ಕಳು ವಹಿಯ ಕೊನೆಯ ಪುಟಗಳಲ್ಲಿ ಮೂರು ಸಾಲಿನ ಪಟ್ಟಿ ಮಾಡುತ್ತಾರೆ: ಕನ್ನಡ, ಮರಾಠಿ, ಇಂಗ್ಲಿಷ್. ತ್ರಿಜ್ಯ, ವ್ಯಾಸ, ಸಮೀಕರಣ, ಅಂಶ, ಛೇದ ಇವೆಲ್ಲ ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ಬರೆಯುವ ಕೆಲಸವೇ ಇಲ್ಲ. ಬೇರೆ ಇರುವುದನ್ನು ಮಾತ್ರ ಬರೆಸಿ. ವೃತ್ತಕ್ಕೆ ಅವರದು ವರ್ತುಳ, ಪರಿಧಿಗೆ ಪರೀಘ, ಭಿನ್ನರಾಶಿಗೆ ಅಪೂರ್ಣಾಂಕ, ಲಸಾಅಗೆ (ಲಘುತಮ ಸಾಮಾನ್ಯ ಅಪವರ್ತ್ಯ) ಲಸಾವಿ. ಮೂರನೆಯ ಸಾಲು ಇಂಗ್ಲಿಷ್ ಯಾಕೆ ಅಂದರೆ, ಪಿಯುಸಿ ವಿಜ್ಞಾನಕ್ಕೆ ಹೋದ ದಿನವೇ ಪಾಠ ಇಂಗ್ಲಿಷ್ ಆಗುತ್ತದೆ. ಕನ್ನಡ ಮಾಧ್ಯಮದಿಂದ ಹೋದವಳಾಗಿ ಹೇಳುತ್ತೇನೆ, ಗಣಿತ ಗೊತ್ತಿದ್ದೂ ಪದ ಗೊತ್ತಿಲ್ಲದೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವುದು ಬಹಳ ಬೇಸರದ ಕೆಲಸ. ಹತ್ತನೇ ತರಗತಿಯಲ್ಲೇ ಆ ಪದಗಳು ಕಿವಿಗೆ ಬಿದ್ದಿರಲಿ.

ಸಂಖ್ಯೆ ಹೇಳುವ ರೀತಿಯ ಬಗ್ಗೆ ಮಾತ್ರ ಸ್ವಲ್ಪ ಎಚ್ಚರ ಬೇಕು. ಕನ್ನಡದಲ್ಲಿ ಐವತ್ತೇಳು ಅಂದರೆ ಮೊದಲು ಐವತ್ತು, ಆಮೇಲೆ ಏಳು. ಮರಾಠಿಯಲ್ಲಿ ಸತ್ತಾವನ್ನ, ಮೊದಲು ಏಳೇ ಕೇಳಿಸುತ್ತದೆ. ಎರಡೂ ಭಾಷೆಯ ಮಕ್ಕಳು ಒಟ್ಟಿಗೆ ಕೂತಾಗ ಗಡಿಬಿಡಿಯಲ್ಲಿ 57 ಅನ್ನುವುದು 75 ಆಗಿಬಿಡುತ್ತದೆ. ಮಹಾರಾಷ್ಟ್ರದಲ್ಲಿ 2019ರಲ್ಲಿ ಎರಡನೇ ತರಗತಿಯ ಪುಸ್ತಕದಲ್ಲಿ ಹತ್ತರ ಸ್ಥಾನವನ್ನು ಮೊದಲು ಹೇಳುವ ಹೊಸ ರೀತಿ ತಂದಾಗ ದೊಡ್ಡ ಚರ್ಚೆಯೇ ನಡೆದಿತ್ತು. ನಮಗೆ ಅಷ್ಟು ದೂರ ಹೋಗುವುದು ಬೇಡ. ಲೆಕ್ಕ ಹೇಳಿ ಬರೆಸುವಾಗ 'ಐದು, ಏಳು' ಅಂತ ಅಂಕಿ ಅಂಕಿಯಾಗಿ ಹೇಳಿ, ಇಲ್ಲವೇ ಬರೆದು ತೋರಿಸಿ.

ಇದರಲ್ಲಿ ಲಾಭವೂ ಇದೆ. 57 × 6 ಬಾಯಲ್ಲಿ ಮಾಡೋಕೆ ಕನ್ನಡ ಸಲೀಸು: ಐವತ್ತಾರಲೆ ಮುನ್ನೂರು, ಏಳಾರಲೆ ನಲವತ್ತೆರಡು, ಒಟ್ಟು 342. ಆದರೆ 59 × 6 ಬಂದರೆ ಮರಾಠಿ ಮಕ್ಕಳು ಮುಂದೆ. ಅವರು 59ನ್ನು ಏಕೋಣಸಾಠ ಅನ್ನುತ್ತಾರೆ, ಅರವತ್ತಕ್ಕೆ ಒಂದು ಕಡಿಮೆ ಅಂತ. ಅರವತ್ತಾರಲೆ 360, ಅದರಲ್ಲಿ ಆರು ತೆಗೆದರೆ 354. ನಾನು ಎರಡೂ ಗುಂಪಿಗೆ ಎರಡೂ ದಾರಿ ಹೇಳಿಸುತ್ತೇನೆ. ಪಕ್ಕದವನ ಭಾಷೆಯಿಂದ ಒಂದು ಸಲೀಸಾದ ದಾರಿ ಸಿಕ್ಕಿತು ಅಂದರೆ ಮಕ್ಕಳು ಅದನ್ನು ಬಿಡುವುದೇ ಇಲ್ಲ.

ಹೇಳಿಕೆ ಸಮಸ್ಯೆಗೆ ಪುಸ್ತಕ ಮುಚ್ಚಿ

ಹೇಳಿಕೆ ರೂಪದ ಲೆಕ್ಕ ಬಂದರೆ ಮಕ್ಕಳು ಅಂಕಿಗಳನ್ನು ಆರಿಸಿಕೊಂಡು ಏನೋ ಒಂದು ಮಾಡಿಬಿಡುತ್ತಾರೆ. ಇದಕ್ಕೆ ನನ್ನ ಕ್ರಮ ಹೀಗೆ: ಎರಡು ಸಲ ಓದು, ಪುಸ್ತಕ ಮುಚ್ಚು, ಅಂಕಿ ಇಲ್ಲದೆ ಕಥೆ ಹೇಳು. ನಿಮ್ಮ ಮನೆಯಲ್ಲಿ ಅಜ್ಜಿಗೆ ಹೇಳುವ ಹಾಗೆ ಹೇಳು.

'ತಂದೆಯ ವಯಸ್ಸು ಮಗನ ವಯಸ್ಸಿನ ಮೂರರಷ್ಟು. 12 ವರ್ಷಗಳ ನಂತರ ಎರಡರಷ್ಟಾಗುತ್ತದೆ. ಈಗ ಇಬ್ಬರ ವಯಸ್ಸು ಎಷ್ಟು?' ಇದರಲ್ಲಿ ಒಂದು ತಪ್ಪು ಖಾಯಂ. 12ನ್ನು ತಂದೆಗೆ ಮಾತ್ರ ಕೂಡಿಸುತ್ತಾರೆ. ಇಬ್ಬರನ್ನು ಎದ್ದು ನಿಲ್ಲಿಸಿ, ಒಬ್ಬ ಅಪ್ಪ, ಒಬ್ಬ ಮಗ. 'ಹನ್ನೆರಡು ವರ್ಷ ಆತು, ಅಪ್ಪ ಮುಂದ ಬಾ' ಅಂದರೆ ಅಪ್ಪ ಆದವನು ಹೆಜ್ಜೆ ಮುಂದಿಡುತ್ತಾನೆ. ಮಗ ಅಲ್ಲೇ ನಿಂತಿರುತ್ತಾನೆ. 'ನಿನಗ ವಯಸ್ಸಾಗೂದಿಲ್ಲೇನು?' ಅಂತ ಕೇಳಿದರೆ ಸಾಕು, ಅವನೂ ಬರುತ್ತಾನೆ. ಆಮೇಲೆ ಮಗನ ವಯಸ್ಸು ಎಕ್ಸ್ ಅಂತ ಹಿಡಿದು, ಮೂರು ಎಕ್ಸ್‌ಗೂ 12, ಎಕ್ಸ್‌ಗೂ 12 ಕೂಡಿಸಿ ಬರೆಸಿ. ಮಗನಿಗೆ 12, ಅಪ್ಪನಿಗೆ 36. 12 ವರ್ಷ ಆದ ಮೇಲೆ 24 ಮತ್ತು 48. ತಾಳೆ ನೋಡುವುದನ್ನು ಯಾವತ್ತೂ ಬಿಡಿಸಬೇಡಿ. ಉತ್ತರ ಸರಿಯೋ ತಪ್ಪೋ ಅಂತ ನಿಮ್ಮ ಮುಖ ನೋಡುವ ಅಭ್ಯಾಸ ಅದರಿಂದಲೇ ಹೋಗುವುದು.

ತ್ರಿಕೋನಮಿತಿಗೆ ನಮ್ಮೂರಿನಲ್ಲೇ ಒಳ್ಳೆಯ ಲೆಕ್ಕ ಇದೆ. ಕೋಟೆ ಕೆರೆಯ ಹತ್ತಿರದ ಧ್ವಜಸ್ತಂಭ 110 ಮೀಟರ್ ಎತ್ತರ. ಅದರ ತುದಿ ನೋಡೋಕೆ ಕಣ್ಣು ಎತ್ತುವ ಕೋನ, ಅಂದರೆ ಉನ್ನತ ಕೋನ, 45 ಡಿಗ್ರಿ ಇದ್ದರೆ ನಾವು ಎಷ್ಟು ದೂರ ನಿಂತಿದ್ದೇವೆ? 110 ಮೀಟರ್. 30 ಡಿಗ್ರಿ ಆದರೆ? ಸುಮಾರು 190 ಮೀಟರ್. ದೂರ ಹೋದಂತೆ ಕೋನ ಸಣ್ಣದಾಗುತ್ತದೆ ಅಂತ ಅಲ್ಲಿ ತಿರುಗಾಡಿದ ಮಗುವಿಗೆ ಹೇಳಿಕೊಡಬೇಕಾಗಿಲ್ಲ.

ಸಲೈನ್ ಬಾಟಲಿಯ ಲೆಕ್ಕ

ನಾನು ಓದುತ್ತಿರುವುದರಿಂದಲೂ ಕೆಲವು ಲೆಕ್ಕ ತರುತ್ತೇನೆ. ಮನೆಯಲ್ಲಿ ಯಾರಿಗೋ ಸಲೈನ್ ಹಚ್ಚಿದ್ದನ್ನು ಎಲ್ಲ ಮಕ್ಕಳೂ ನೋಡಿರುತ್ತಾರೆ. ಬಾಟಲಿಯಲ್ಲಿ 500 ಮಿಲಿ. ಆ ನಳಿಕೆಯಲ್ಲಿ 20 ಹನಿ ಸೇರಿದರೆ ಒಂದು ಮಿಲಿ. ನಾಲ್ಕು ತಾಸಿನಲ್ಲಿ ಮುಗಿಯಬೇಕು. ನಿಮಿಷಕ್ಕೆ ಎಷ್ಟು ಹನಿ?

ಸೂತ್ರ ಕೊಡಬೇಡಿ. ಒಟ್ಟು ಎಷ್ಟು ಹನಿ ಅಂತ ಮೊದಲು ಕೇಳಿ: 500 × 20, ಹತ್ತು ಸಾವಿರ. ಎಷ್ಟು ನಿಮಿಷ? 240. ಭಾಗಿಸಿದರೆ 41.67 ಹತ್ತಿರ. 'ಪಾಯಿಂಟ್ ಆರು ಏಳು ಹನಿ ಹ್ಯಾಂಗ ಬೀಳ್ತದ್ರಿ?' ಅಂತ ಒಬ್ಬರಾದರೂ ಕೇಳುತ್ತಾರೆ. ಅದಕ್ಕಾಗಿಯೇ ಈ ಲೆಕ್ಕ ನನಗೆ ಇಷ್ಟ. ಅಂದಾಜಿಗೆ 42 ಅಂತ ಯಾಕೆ ತೆಗೆದುಕೊಳ್ಳುತ್ತೇವೆ ಅನ್ನುವುದು ಅಲ್ಲಿಗೇ ತಿಳಿಯುತ್ತದೆ. ತಾಸನ್ನು ನಿಮಿಷ ಮಾಡುವುದನ್ನು ಮರೆತವರಿಗೆ ಉತ್ತರ 2500 ಬರುತ್ತದೆ. 'ಒಂದು ನಿಮಿಷದಾಗ ಎರಡೂವರೆ ಸಾವಿರ ಹನಿ?' ಅಂತ ಕೇಳಿದರೆ ಅವರೇ ಹಿಂದೆ ಹೋಗಿ ನೋಡುತ್ತಾರೆ. ಉತ್ತರ ಈ ಲೋಕದಲ್ಲಿ ನಡೆಯುವಂಥದ್ದೋ ಅಂತ ನೋಡುವ ಅಭ್ಯಾಸ ಮುಂದೆ ಭೌತಶಾಸ್ತ್ರದಲ್ಲೂ ಕಾಯುತ್ತದೆ.

ಸಂಖ್ಯಾಶಾಸ್ತ್ರಕ್ಕೆ ನಾಡಿ. ಮಣಿಕಟ್ಟಿನಲ್ಲಿ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಲಿ, ಆಮೇಲೆ ಪೂರ್ತಿ ಒಂದು ನಿಮಿಷ ಎಣಿಸಲಿ. ಎರಡೂ ಬೇರೆ ಬರುತ್ತವೆ. 15 ಸೆಕೆಂಡಿನಲ್ಲಿ ಒಂದು ಬಡಿತ ತಪ್ಪಿದರೆ ಉತ್ತರದಲ್ಲಿ ನಾಲ್ಕು ತಪ್ಪುತ್ತದೆ, ಅಲ್ವಾ? ಎಲ್ಲರ ಸಂಖ್ಯೆಯಿಂದ ಸರಾಸರಿ, ಮಧ್ಯಾಂಕ (ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ) ತೆಗೆಸಿ. ಒಬ್ಬನನ್ನು ಓಣಿಯ ತುದಿಯವರೆಗೆ ಓಡಿಸಿ ಮತ್ತೆ ಎಣಿಸಿ. ಸರಾಸರಿ ಏರುತ್ತದೆ, ಮಧ್ಯಾಂಕ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಪುಸ್ತಕದ ಕೋಷ್ಟಕದಿಂದ ಇದು ಇಷ್ಟು ಬೇಗ ತಲೆಗೆ ಹತ್ತುವುದಿಲ್ಲ.

ಪರೀಕ್ಷೆ, ಪಾಲಕರು, ನಿಮ್ಮ ಹೊತ್ತು

ಎಸ್‌ಎಸ್‌ಎಲ್‌ಸಿ ಗಣಿತ ಪತ್ರಿಕೆ 80 ಅಂಕದ್ದು, ಉಳಿದ 20 ಶಾಲೆಯ ಆಂತರಿಕ ಅಂಕ. ಹಂತಗಳಿಗೂ ಅಂಕ ಇರುವುದರಿಂದ ಸೂತ್ರ ಬರೆದು, ಬೆಲೆ ತುಂಬಿ, ಕೊನೆಗೆ ಚದರ ಸೆಂಮೀಯೋ ಘನ ಸೆಂಮೀಯೋ ಬರೆಯುವುದನ್ನು ಕೈಗೆ ರೂಢಿ ಮಾಡಿಸಿ. ಥೇಲ್ಸ್ ಪ್ರಮೇಯವನ್ನು (ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾದ ರೇಖೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ ಅನ್ನುವುದು) ಮಕ್ಕಳು ಎಬಿಸಿ ಅಕ್ಷರಗಳ ಸಮೇತ ಬಾಯಿಪಾಠ ಮಾಡಿರುತ್ತಾರೆ. ತ್ರಿಭುಜವನ್ನು ತಲೆಕೆಳಗು ಮಾಡಿ, ಅಕ್ಷರ ಬದಲಿಸಿ ಕೊಡಿ. ನಿಂತುಹೋದರೆ ಪ್ರಮೇಯದ ಸಾಧನೆಯನ್ನು ಒಮ್ಮೆ ಮನೆಮಾತಿನಲ್ಲಿ ಹೇಳಿಸಿ, ಆಮೇಲೆ ಬರೆಸಿ.

ಪಾಲಕರಿಗೆ ಶುರುವಿನಲ್ಲೇ ಎರಡು ಮಾತು ಹೇಳಿ. ಮೊದಲ ತಿಂಗಳು ಶಾಲೆಯ ಪಾಠಕ್ಕಿಂತ ಹಿಂದಿನದೇ ಜಾಸ್ತಿ ನಡೆಯುತ್ತದೆ, ಕಿರುಪರೀಕ್ಷೆಯಲ್ಲಿ ಅಂಕ ಏರದಿದ್ದರೆ ಗಾಬರಿ ಬೇಡ. ಮತ್ತೆ, ಗಣಿತ ಬರಲಿಲ್ಲ ಅಂತ ಮಗುವಿಗೆ ಹೊಡೆಯಬೇಡಿ. ಎರಡನೆಯದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಹೆದರಿದ ಮಗು ಬಾಯಿ ಬಿಡುವುದಿಲ್ಲ. ಬಾಯಿ ಬಿಡದಿದ್ದರೆ ನನ್ನ ರೀತಿ ನಡೆಯುವುದೇ ಇಲ್ಲ.

ಒಮ್ಮೆಗೆ ನಾಲ್ಕು ಮಕ್ಕಳಿಗಿಂತ ಜಾಸ್ತಿ ಕೂರಿಸಬೇಡಿ, ಎಲ್ಲರ ಮಾತು ಕೇಳಿಸಿಕೊಳ್ಳೋಕೆ ಆಗುವುದಿಲ್ಲ. ನಿಮ್ಮ ಓದು ಬೆಳಗ್ಗೆಯೇ ಮುಗಿದಿರಲಿ. ಸಂಜೆ ಇಷ್ಟು ಗಂಟೆಯಿಂದ ಇಷ್ಟು ಗಂಟೆ ಅಂದರೆ ಅಷ್ಟೇ.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಬಾಯಲ್ಲಿ ಸರಿ ಹೇಳುವ ಮಗು ವಹಿಯಲ್ಲಿ ಪದೇ ಪದೇ 3ನ್ನು 8, 1ನ್ನು 7 ಅಂತ ಇಳಿಸಿಕೊಂಡು ಬಂದಿದ್ದರೆ ಗಣಿತ ಬಿಡಿ, ಮೊದಲು ಕಣ್ಣು ನೋಡಿ. ಗೋಡೆಯ ಕ್ಯಾಲೆಂಡರ್‌ನ ತಾರೀಖನ್ನು ಕೋಣೆಯ ಆ ತುದಿಯಿಂದ ಓದಿಸಿ. ಕಣ್ಣು ಕಿರಿದು ಮಾಡಿದರೆ, ತಲೆ ವಾರೆ ಮಾಡಿದರೆ ಪಾಲಕರಿಗೆ ಹೇಳಿ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕಳಿಸಿ. ನಾವಿನ್ನೂ ಡಾಕ್ಟರ್ ಆಗಿಲ್ಲ, ಚಷ್ಮಾ ಬೇಕೋ ಬೇಡವೋ ಅಂತ ಹೇಳುವುದು ಅವರ ಕೆಲಸ. ಆದರೆ ದಿನಾ ಆ ಮಗುವಿನ ವಹಿ ನೋಡುವವರು ನಾವೇ.

ಎಸ್‌ಎಸ್‌ಎಲ್‌ಸಿ ಮಾರ್ಚ್–ಏಪ್ರಿಲ್‌ನಲ್ಲಿ, ನೀಟ್ ಮೇ ತಿಂಗಳಲ್ಲಿ. ಹಾಗಾಗಿ ಹತ್ತನೆಯವರ ಪರೀಕ್ಷೆ ಮುಗಿದ ಮೇಲೆ ನಾನು ಹೊಸ ಮಕ್ಕಳನ್ನು ತೆಗೆದುಕೊಳ್ಳುವುದಿಲ್ಲ. ಕೇಳಿಕೊಂಡು ಬಂದವರಿಗೆ ಜೂನ್‌ನಲ್ಲಿ ಬನ್ನಿ ಅಂತೇನೆ. ಬರುವಾಗ ಹಳೆಯ ಉತ್ತರ ಪತ್ರಿಕೆಗಳನ್ನು ತನ್ನಿ, ಕಡಿಮೆ ಅಂಕ ಬಂದವನ್ನೇ ಮೊದಲು ತನ್ನಿ ಅಂತೇನೆ.